ವರದರಾಜ ಸರ್ ಬರೆದ ಲೈಬ್ರರಿ

ಶಿಡ್ಲಘಟ್ಟದ ನೌರೀನ್ ಬಿಸಿಎ ಮುಗಿಸಿ ಚಿಂತಾಮಣಿಯ ವರದರಾಜ ಸರ್ ಆಫೀಸಿಗೆ ಸೇರಿದಾಗ ಅಲ್ಲಿದ್ದವರು ಇಬ್ಬರೇ, ಅವರು ಮತ್ತು ಇವಳು. ರೇಷ್ಮೆ ನೂಲು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಿಂದ ತೂಕವನ್ನು ನೇರವಾಗಿ ಕಂಪ್ಯೂಟರಿಗೆ ತರುವ ಪ್ರೋಗ್ರಾಂ ಅವರದು. ಸುತ್ತಲಿನ ನೂಲಿನವರೆಲ್ಲ ಅದನ್ನೇ ಬಳಸುತ್ತಿದ್ದರು.

ಒಮ್ಮೆ ಬರೆದಿಟ್ಟು, ಪ್ರೋಗ್ರಾಂ ಕಟ್ಟುವಾಗಲೆಲ್ಲ ಸೇರಿಸಿಕೊಳ್ಳುವ ಕೋಡಿಗೆ ಲೈಬ್ರರಿ ಎನ್ನುತ್ತಾರೆ. ಉಳಿದ ಲೈಬ್ರರಿಗಳು ಇಂಟರ್‌ನೆಟ್ಟಿನಿಂದ ತಾವೇ ಇಳಿದು ಬರುತ್ತಿದ್ದವು. ತಕ್ಕಡಿಯ ಸಂಕೇತ ಓದುವ ಲೈಬ್ರರಿ ಮಾತ್ರ ಸರ್ ಕೈಯಾರೆ ಬರೆದದ್ದು. ಅದರ ಮೂಲ, ಅಂದರೆ ತಿದ್ದಲು ಬರುವ ಕೋಡು, ಅವರ ಕಂಪ್ಯೂಟರಿನಲ್ಲಷ್ಟೇ ಇತ್ತು.

"ಸರ್, ಇದನ್ನ ಇನ್ನೊಂದು ಕಡೆನೂ ಇಡೋಣ," ಎಂದು ನೌರೀನ್ ಕೇಳಿದ್ದಳು.

"ಇಡೋಣಮ್ಮ. ಸ್ವಲ್ಪ ಕ್ಲೀನ್ ಮಾಡಿ ಕೊಡ್ತೀನಿ. ಈಗಿರೋದನ್ನ ತೋರಿಸೋಕೆ ನಾಚಿಕೆ ಆಗುತ್ತೆ."

ಅಷ್ಟರಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತಿತು.

ಅದಕ್ಕೆ ಸ್ವಲ್ಪ ಮುಂಚೆ, ಅವರ ಪ್ರೋಗ್ರಾಂ ಬಳಸುತ್ತಿದ್ದ ದಿಬ್ಬೂರಹಳ್ಳಿಯ ಗಂಗುಲಪ್ಪ ಹೊಸ ತಕ್ಕಡಿ ತಂದಿದ್ದರು. ಆ ತಕ್ಕಡಿಗೆ ಬೇಕಾದ ಬದಲಾವಣೆಯನ್ನು ಸರ್ ಮಾಡಿ ಮುಗಿಸಿದ್ದರು, ಆದರೆ ನೌರೀನಳಿಗೆ ಇನ್ನೂ ಕೊಟ್ಟಿರಲಿಲ್ಲ. ಅವಳ ಲ್ಯಾಪ್‌ಟಾಪಿನಲ್ಲಿದ್ದದ್ದು ಹಳೆಯ ಪ್ರತಿ, ಸೇರಿಸಿಕೊಳ್ಳಬಹುದು, ತಿದ್ದಲು ಬಾರದು. ಅದನ್ನೇ ಸೇರಿಸಿ ಪ್ರೋಗ್ರಾಂ ಕಟ್ಟಿದಳು. ಒಂದೂ ತಪ್ಪಿಲ್ಲದೆ ಕಟ್ಟಿಕೊಂಡಿತು. ಗಂಗುಲಪ್ಪ ತಕ್ಕಡಿಯ ಮೇಲೆ ನೂಲಿನ ಕಟ್ಟು ಇಟ್ಟರೆ ಕಂಪ್ಯೂಟರಿನಲ್ಲಿ ಸೊನ್ನೆ.

ಸರ್ ಕಂಪ್ಯೂಟರ್ ತೆರೆಯಲು ಪಾಸ್‌ವರ್ಡ್ ಬೇಕು. ರಿಪೇರಿಯವನು ಡಿಸ್ಕ್ ಬಿಚ್ಚಿ ನೋಡಿ, ಒಳಗಿರುವುದೆಲ್ಲ ಬೀಗ ಹಾಕಿದಂತಿದೆ, ಪಾಸ್‌ವರ್ಡ್ ಇಲ್ಲದೆ ಯಾರಿಂದಲೂ ಆಗದು ಎಂದ. ತಕ್ಕಡಿ ಕಂಪನಿಗೆ ಬರೆದರೆ ಉತ್ತರವೇ ಬರಲಿಲ್ಲ.

ನೌರೀನ್ ಕಂಪ್ಯೂಟರನ್ನು ಸರ್ ಮನೆಗೇ ಒಯ್ದಳು. ಅವರ ಹೆಂಡತಿ ಪಂಕಜ ಮಂಚದ ಪಕ್ಕಕ್ಕೆ ಮೇಜು ಎಳೆದರು. ಕೀಬೋರ್ಡ್ ಕಂಡ ಕೂಡಲೇ ಸರ್ ಕಣ್ಣು ಅರಳಿತು. ಎಡಗೈ ಮುಂದೆ ಚಾಚಿ ಒಂದು ಅಕ್ಷರ ಒತ್ತಿದರು. ಆಮೇಲೆ ಬೆರಳು ಗಾಳಿಯಲ್ಲೇ ನಿಂತಿತು. ಮತ್ತೆ ಒತ್ತಿದರು, ತಪ್ಪು. ಮತ್ತೂ ತಪ್ಪು. "ಅ... ಅ..." ಎನ್ನುತ್ತ ತಮ್ಮ ತೊಡೆಗೆ ತಾವೇ ಹೊಡೆದುಕೊಂಡರು.

"ಸಾಕು ಕಣಮ್ಮ," ಎಂದರು ಪಂಕಜ. "ಅವರಿಗೆ ಗೊತ್ತು. ಆಚೆಗೆ ಬರ್ತಿಲ್ಲ ಅಷ್ಟೇ."

ನೌರೀನ್ ಕೀಬೋರ್ಡನ್ನು ಮೆಲ್ಲಗೆ ಸರಿಸಿ ಅವರ ಕೈ ಹಿಡಿದುಕೊಂಡಳು.

ಆ ಲೈಬ್ರರಿಯನ್ನು ಮೊದಲಿನಿಂದ ತಾನೇ ಬರೆಯಲು ಕುಳಿತಳು. ತಕ್ಕಡಿ ಕಳಿಸುವ ಸಂಕೇತ ಒಂದು ಸಲ ಅರ್ಥವಾದಂತೆ ಕಂಡರೆ ಮರುಸಲ ಬೇರೆಯೇ ಆಗಿರುತ್ತಿತ್ತು. ಕೊನೆಗೆ ದಿಬ್ಬೂರಹಳ್ಳಿಗೆ ಹೋಗಿ, ತನ್ನಿಂದಾಗಲಿಲ್ಲ ಎಂದು ಹೇಳಿಬಿಟ್ಟಳು.

"ಏಮಮ್ಮಾ, ನಿಮ್ ಸರ್ ಇದ್ದಿದ್ರೆ ಹಿಂಗಾಗ್ತಿತ್ತಾ?" ಎಂದರು ಗಂಗುಲಪ್ಪ.

"ಇದ್ದಾರೆ," ಎಂದಳು ನೌರೀನ್.

ಗಂಗುಲಪ್ಪ ಬೆಂಗಳೂರಿನವರ ಪ್ರೋಗ್ರಾಂ ಹಾಕಿಸಿಕೊಂಡರು. ಹಳೆ ತಕ್ಕಡಿ ಕೆಟ್ಟಂತೆಲ್ಲ ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ಆಫೀಸು ಮುಚ್ಚಿತು. ನೌರೀನ್ ಈಗ ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಬಿಡುವಾದಾಗ ಚಿಂತಾಮಣಿ ಬಸ್ಸು ಹತ್ತಿ ಸರ್ ಅವರನ್ನು ನೋಡಲು ಹೋಗುತ್ತಾಳೆ. ಶಾಲೆಯ ಸುದ್ದಿ ಹೇಳುತ್ತಾಳೆ, ಅವರು ತಲೆಯಾಡಿಸುತ್ತಾರೆ. ಹಳೆಯ ಕೆಲಸದ ಮಾತನ್ನು ಮಾತ್ರ ಅವಳು ತೆಗೆಯುವುದಿಲ್ಲ.