ಕಪ್ಪೆಯ ಬೆನ್ನ ಮೇಲಿನ ಬಿಳಿ, ಫೋಟೋದ ಮೇಲಿನ ಮಬ್ಬು

ಆಲಸನತ್ತಂನ ನಮ್ಮ ಮನೆಯಲ್ಲಿ, ಕಿಟಕಿಯ ಪಕ್ಕದ ಗಾಜಿನ ತೊಟ್ಟಿಯಲ್ಲಿ ಎರಡು ಪುಟ್ಟ ಕಪ್ಪೆಗಳಿವೆ. ಬಣ್ಣದ ಮೀನಿನ ಅಂಗಡಿಯಲ್ಲಿ ಕೊಂಡವು; ಹೆಬ್ಬೆರಳ ತುದಿಯಷ್ಟು ಗಾತ್ರ, ಬದುಕೆಲ್ಲ ನೀರಿನೊಳಗೇ. ಸಾಕುವುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ತಮಿಳು ವೀಡಿಯೋ ನೋಡಿ, ತಪ್ಪು ಮಾಡಿ, ಮತ್ತೆ ನೋಡಿ ಕಲಿತೆ.

ಒಂದು ಭಾನುವಾರ ಬೆಳಿಗ್ಗೆ ಹೆಣ್ಣು ಕಪ್ಪೆಯ ಬೆನ್ನ ಮೇಲೆ ಬಿಳಿಯದೇನೋ ಕಂಡಿತು. ಊಟ ಮುಟ್ಟದೆ ಮೂಲೆ ಸೇರಿತ್ತು. ಅಂಗಡಿಯವರು ಬೂಷ್ಟು ಇರಬೇಕೆಂದು ಒಂದು ಬಾಟಲಿ ಔಷಧಿ ಕೊಟ್ಟರು. ಹಾಕಲು ಕೈ ಬರಲಿಲ್ಲ. ಬೇರಿಕೆ ಊರಲ್ಲಿ ನಮ್ಮ ಮಾವನ ಹಸುಗಳನ್ನು ನೋಡುವ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ನಾನು ಹಸು ಡಾಕ್ಟ್ರು ಕಣಪ್ಪ, ಕಪ್ಪೆಗೆ ಇದುವರ್ಗೂ ಯಾರೂ ಕೇಳಿಲ್ಲ," ಎಂದು ನಕ್ಕರು. "ಹತ್ತಿ ಥರ ನಾರುನಾರಾಗಿದ್ರೆ ಬೂಷ್ಟು, ಔಷಧಿ ಬೇಕು. ತೆಳ್ಳಗೆ ಹಾಳೆ ಥರ ಇದ್ರೆ ಬರೀ ಪೊರೆ, ಹಾವು ಬಿಟ್ಟಂಗೆ ಕಪ್ಪೆನೂ ಬಿಡ್ತದೆ. ಅದಕ್ಕೆ ಔಷಧಿ ಹಾಕ್ಬುಟ್ರೆ ಅಷ್ಟು ಸಣ್ಣ ಜೀವ ತಡೆಯಲ್ಲ. ಬಸ್ಸಲ್ಲಿ ಕುಲುಕಿಸ್ಕಂಡು ತರ್ಬೇಡ, ಹತ್ರದಿಂದ ಒಂದು ಫೋಟೋ ಕಳ್ಸು."

ಕಳಿಸಿದೆ. ಉತ್ತರ ಬಂತು: "ಏನೂ ಕಾಣಲ್ಲ ತಂಬಿ. ಹಾಲೊಳಗೆ ಬಿದ್ದಂಗೈತೆ."

ಬೋರ್‌ವೆಲ್ ನೀರಿನ ಉಪ್ಪು ಗಾಜಿನ ಹೊರಗೆ ಕಲೆ ಕಟ್ಟಿತ್ತು; ನಿಂಬೆಹಣ್ಣು ಉಜ್ಜಿ ತೆಗೆದೆ. ನೀರು ತಿಳಿಯಾಗಲೆಂದು ಕಾದೆ. ಫ್ಲ್ಯಾಶ್ ಆರಿಸಿ ಪಕ್ಕದಿಂದ ಟಾರ್ಚ್ ಹಿಡಿದೆ. ತೀರಾ ಹತ್ತಿರ ಹೋದರೆ ಫೋಕಸ್ ಕೂರುವುದಿಲ್ಲವೆಂದು ಒಂದು ಗೇಣು ಹಿಂದೆ ಸರಿದು ಜೂಮ್ ಮಾಡಿದೆ. ಕಪ್ಪೆಯ ಬೆರಳುಗಳೇನೋ ಬಿಡಿಬಿಡಿಯಾಗಿ ಕಂಡವು. ಮಬ್ಬು ಮಾತ್ರ ಹೋಗಲಿಲ್ಲ. ಟಾರ್ಚ್ ಬಿಟ್ಟಷ್ಟೂ ಹೆಚ್ಚಾಯಿತು. ಕಪ್ಪೆ ಉಸಿರಿಗೆಂದು ಮೇಲೆ ಹೋಗಿ, ಸುಸ್ತಾದಂತೆ ಕೆಳಗಿಳಿಯಿತು. ಔಷಧಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದೆ.

ಅಕ್ಕ ಬಂದು ಇಣುಕಿದಳು. "ಏನ್ಲಾ, ಕಪ್ಪೆಗೆ ಮದ್ವೆ ಫೋಟೋ ತೆಗೀತಿದ್ದೀಯಾ?"

"ನೀರೊಳಗೆ ಮಬ್ಬಾಗಿ ಬತ್ತದೆ ಕಣಕ್ಕ, ಸುಮ್ನಿರು."

"ನೀರೇನ್ಲಾ ಮಾಡ್ತು? ಮೊನ್ನೆ ಟೆರೇಸ್ ಮೇಲೆ ಇದೇ ಫೋನಲ್ಲಿ ನಂದು ತೆಗ್ದ್ಯಲ್ಲ, ಅದೂ ಹಿಂಗೇ ಐತೆ. ಮೊಡವೆ ಒಂದೂ ಕಾಣ್ಲಿಲ್ಲ, ಅದ್ಕೇ ಸ್ಟೇಟಸ್ ಹಾಕ್ಕಂಡೆ."

ಅಂದರೆ ತಪ್ಪು ತೊಟ್ಟಿಯದಲ್ಲ. ಫೋನನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕ್ಯಾಮೆರಾದ ಗಾಜಿನ ಮೇಲೆ ಜಿಡ್ಡಿನಂಥ ಪದರ. ನಾನು ಕೆಲಸ ಮಾಡುವ ಫ್ಯಾಕ್ಟರಿಯೊಳಗೆ ಫೋಟೋ ತೆಗೆಯುವಂತಿಲ್ಲ. ಗೇಟಿನಲ್ಲಿ ಸೆಕ್ಯುರಿಟಿಯವರು ದಿನವೂ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸುತ್ತಾರೆ. ಶಿಫ್ಟ್ ಮುಗಿದ ಮೇಲೆ ಅದನ್ನು ಉಗುರಿನಿಂದ ಕಿತ್ತು, ಫೋನನ್ನು ಅಂಗಿಗೆ ಒರೆಸಿಕೊಂಡು ಬಸ್ ಹತ್ತುವುದು ನಮ್ಮೆಲ್ಲರ ಅಭ್ಯಾಸ. ಸ್ಟಿಕ್ಕರ್ ಹೋಗುತ್ತಿತ್ತು, ಅಂಟು ಉಳಿಯುತ್ತಿತ್ತು. ಟಾರ್ಚಿನ ಬೆಳಕಿಗೆ ಅದೇ ಹಾಲಿನಂತೆ ಹರಡಿಕೊಂಡಿತ್ತು.

ಹತ್ತಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿದೆ. ಅಂಟು ಸಣ್ಣ ಉಂಡೆಗಳಾಗಿ ಎದ್ದಿತು. ಎಣ್ಣೆಯನ್ನು ಅಕ್ಕನ ಕನ್ನಡಕದ ಬಟ್ಟೆಯಿಂದ ಒರೆಸಿದೆ.

"ಲೇ, ನನ್ ಬಟ್ಟೆ ಕಣ್ಲಾ ಅದು!"

"ಇನ್ಮೇಲೆ ನಿನ್ ಮೊಡವೆ ಎಲ್ಲಾ ಕಾಣ್ತವೆ ಬಿಡಕ್ಕ."

ಈ ಸಲ ಬೆನ್ನಿನ ಒಂದೊಂದು ಚುಕ್ಕೆಯೂ ಕಂಡಿತು. ಬಿಳಿಯದು ನಾರಾಗಿರಲಿಲ್ಲ, ಈರುಳ್ಳಿಯ ಒಳಪೊರೆಯಂತೆ ತೆಳ್ಳಗೆ, ಭುಜದ ಬಳಿ ಮಡಿಚಿಕೊಂಡಿತ್ತು. ಆದರೂ ನಾನೇ ತೀರ್ಮಾನಿಸದೆ ಕಳಿಸಿ ಕಾದೆ.

ಡಾಕ್ಟರಮ್ಮ ಫೋನ್ ಮಾಡಿದರು. "ಪೊರೆ ತಂಬಿ. ಔಷಧಿ ಮುಟ್ಬೇಡ. ತಾನೇ ಕಿತ್ಕಂತದೆ."

ಸಂಜೆ ಕಪ್ಪೆ ಮುಂಗಾಲುಗಳಿಂದ ಪೊರೆಯನ್ನು ಬನಿಯನ್ ಕಳಚುವಂತೆ ತಲೆಯ ಮೇಲಿಂದ ಎಳೆದು, ಬಾಯಿಗೆ ತುಂಬಿಕೊಂಡಿತು.

"ಥೂ, ಬಿಚ್ಚಿದ್ ಬಟ್ಟೆನೇ ತಿಂತದಲ್ಲಾ!" ಎಂದಳು ಅಕ್ಕ.

ನಾನೊಂದು ಕೆಂಪು ಹುಳು ಬಿಟ್ಟೆ. ಬೆಳಿಗ್ಗೆಯಿಂದ ಏನನ್ನೂ ಮುಟ್ಟದಿದ್ದ ಕಪ್ಪೆ ಸ್ವಲ್ಪ ಹೊತ್ತು ಅಲುಗಾಡದೆ ನಿಂತು, ಗಬಕ್ಕನೆ ಹಿಡಿಯಿತು.