ಹನ್ನೊಂದನೆಯ ಕಾರ್ಡು

ಆ ಭಾನುವಾರ ನನ್ನ ಯಜಮಾನರು ಹಿರಿಯೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸುತ್ತಾ ಕೂತಿದ್ದರು. ಬೇರೆ ಭಾನುವಾರಗಳಿಗಿಂತ ಅದರಲ್ಲಿ ಏನೂ ವಿಶೇಷವಿರಲಿಲ್ಲ. ಸತ್ತವರು ಮನೆಗೆ ಬಂದು ಹೋಗುತ್ತಾರೆ ಅನ್ನುವಂಥ ಮಾತನ್ನು ಅಲ್ಲಿಯವರೆಗೆ ನಾನು ನಂಬಿದವಳಲ್ಲ. ಅವರಂತೂ ಕೇಳಿದರೆ ನಗುತ್ತಿದ್ದರು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಅವರದು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಚಿತ್ರದುರ್ಗದಲ್ಲಿ ಕಾಲೇಜು ಓದುವಾಗ ಫುಟ್‌ಬಾಲ್ ಆಡುತ್ತಿದ್ದರು. ಆಟ ಅಲ್ಲಿಗೇ ನಿಂತರೂ ಹುಚ್ಚು ನಿಲ್ಲಲಿಲ್ಲ. ಆಟ ಬಿಟ್ಟು ಮನೆಯಲ್ಲಿರುವ ಹಳೆಯ ಆಟಗಾರರ ವಿಳಾಸವನ್ನು ಹೇಗೋ ಹುಡುಕಿ, ಅವರ ಸಹಿ ತರಿಸಿಕೊಳ್ಳುತ್ತಿದ್ದರು. ಅಂಥವರ ಫೋಟೊ ಇರುವ ಕಾರ್ಡುಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಜೆರಾಕ್ಸ್ ಅಂಗಡಿಯಲ್ಲಿ ಅವರ ಫೋಟೊ ಪ್ರಿಂಟು ತೆಗೆಸಿ, ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ಮೈದಾ ಅಂಟಿನಿಂದ ಅಂಟಿಸಿ, ನನ್ನ ರುಬ್ಬುಗುಂಡಿನ ಕೆಳಗಿಟ್ಟು ಒಣಗಿಸಿ ತಾವೇ ಕಾರ್ಡು ಮಾಡುತ್ತಿದ್ದರು. ಒಬ್ಬೊಬ್ಬರಿಗೆ ಎರಡೆರಡು. ಒಂದು ಸಹಿ ಮಾಡಿ ಕಳಿಸಲಿಕ್ಕೆ, ಇನ್ನೊಂದು ಆ ಆಟಗಾರರೇ ಇಟ್ಟುಕೊಳ್ಳಲಿಕ್ಕೆ. ಜೊತೆಗೆ ಉತ್ತರಕ್ಕೆಂದು ತಮ್ಮ ವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆ. ಲಕೋಟೆಯ ಮೂಲೆಗೆ ಲಗ್ನಪತ್ರಿಕೆಗೆ ಹಚ್ಚುವಂತೆ ಅರಿಶಿನ. ಶಾಸ್ತ್ರ ನಂಬದವರು ಇದೊಂದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಒಂದು ಪೂರ್ತಿ ತಂಡ ಕೂಡಿಸಬೇಕೆಂಬುದು ಅವರ ಆಸೆ. ಹತ್ತು ಜನ ಬಂದಿದ್ದರು. ಗೋಲ್‌ಕೀಪರ್ ಒಬ್ಬರು ಬಾಕಿ. ಹಿಂದೆ ಎರಡು ಸಲ ಬರೆದರೂ ಅವರಿಂದ ಉತ್ತರವಿರಲಿಲ್ಲ.

"ಅವ್ನೊಬ್ಬ ಇಲ್ದೆ ಎಂಥ ಟೀಮು ಹೇಳು" ಅಂದರು.

"ಹತ್ತು ಜನ ಅವರಲ್ರೀ, ಯಾರ್ನಾರ ಒಬ್ರುನ್ನ ಹಿಂದಕ್ಕೆ ನಿಲ್ಸ್ರಿ" ಅಂದೆ.

"ಲೇ, ನಿನ್ನ ಕೋಚ್ ಮಾಡಿದ್ರೆ ಮುಗೀತು ನಮ್ಮ ಕತೆ."

ಸಂಜೆ ಹೋಗಿ, ಆ ಗೋಲ್‌ಕೀಪರಿಗೆ ಮೂರನೆಯ ಸಲ ಬರೆದ ಲಕೋಟೆಯನ್ನು ಟಪಾಲು ಡಬ್ಬಿಗೆ ಹಾಕಿ ಬಂದರು. ಮಾರನೆಯ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಎದೆ ಹಿಡಿದಂತಾಗುತ್ತಿದೆ ಎಂದರು. ಆಟೊ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರು ಹೋದ ನಕ್ಷತ್ರ ಒಳ್ಳೆಯದಲ್ಲ, ಮೂರು ತಿಂಗಳು ಮನೆ ಬಿಡಬೇಕು ಎಂದು ನಮ್ಮತ್ತೆ ಹೇಳಿದರು. ನಮ್ಮ ಕಡೆ ಹೀಗೆ ಬಿಡುವುದುಂಟು. ನನಗೆ ಮನಸ್ಸಿರಲಿಲ್ಲ. ಆದರೆ ಮಗನನ್ನು ಕಳೆದುಕೊಂಡ ಮುದುಕಿಯ ಎದುರು ಏನು ವಾದ ಮಾಡುವುದು? ತಿಥಿ ಮುಗಿಸಿ, ಬೀಗ ಹಾಕಿ, ಬಾಗಿಲಿಗೆ ಅಡ್ಡ ಜಾಲಿ ಮುಳ್ಳು ಇಟ್ಟು, ಆದಿವಾಲದಲ್ಲಿರುವ ಮೈದುನನ ಮನೆಗೆ ಹೋದೆವು. ಇದ್ದ ಒಂದೇ ಬೀಗದ ಕೈ ಅತ್ತೆಯ ಎಲೆಅಡಿಕೆ ಸಂಚಿಯಲ್ಲಿತ್ತು. ಆ ಸಂಚಿಯನ್ನು ಅವರು ಮಲಗುವಾಗಲೂ ಸೊಂಟದಿಂದ ತೆಗೆಯುವುದಿಲ್ಲ.

ನನಗಿದ್ದ ಚಿಂತೆ ಒಂದೇ. ಆ ಗೋಲ್‌ಕೀಪರ್ ಈ ಸಲವಾದರೂ ಉತ್ತರ ಕಳಿಸಿದರೆ, ಮುಳ್ಳು ಹಾಕಿದ ಮನೆ ನೋಡಿ ಅದು ವಾಪಸ್ಸು ಹೋಗಬಾರದು. ಯಜಮಾನರು ಇಷ್ಟು ಕಾದದ್ದು ನನ್ನ ಕೈಗಾದರೂ ಸೇರಲಿ. ನಮ್ಮ ಬೀದಿಯ ಪೋಸ್ಟ್‌ಮನ್‌ಗೆ ಹೇಳಿದ್ದೆ. ಆಫೀಸಿನಲ್ಲಿ ಎತ್ತಿಡುತ್ತೇನೆ ಎಂದು ಒಪ್ಪಿಕೊಂಡಿದ್ದರು.

ಮೂರು ತಿಂಗಳಾದ ಮೇಲೆ ಬಂದೆವು. ಮುಳ್ಳು ಒಣಗಿ, ಇಟ್ಟ ಜಾಗದಲ್ಲೇ ಇತ್ತು. ಬೀಗ ತುಕ್ಕು ಹಿಡಿದು ಬಿಗಿಯಾಗಿತ್ತು, ಎಣ್ಣೆ ಬಿಟ್ಟು ತೆಗೆದೆವು. ಪದ್ಧತಿಯಂತೆ ಮೊದಲು ಹಸುವನ್ನು ಒಳಗೆ ಹಾಯಿಸಿ, ಅದರ ಹಿಂದೆ ನಾವು ಹೋದೆವು. ಧೂಳಿನ ಮೇಲೆ ಅದಕ್ಕೆ ಮೊದಲು ಹೆಜ್ಜೆಗಳಿದ್ದವೋ ಇಲ್ಲವೋ, ಹೀಗಾಗಿ ಹೇಳಲಾರೆ.

ಪಡಸಾಲೆಯ ಗೂಡಿನಲ್ಲಿ ಆಲ್ಬಮ್ಮು, ಪಕ್ಕದಲ್ಲಿ ಖಾಲಿ ಲಕೋಟೆಗಳ ಕಟ್ಟು. ಬಂದ ಲಕೋಟೆಗಳನ್ನು ಅವರು ಎಸೆಯುತ್ತಿರಲಿಲ್ಲ. ಎಡ ಅಂಚನ್ನು ಬ್ಲೇಡಿನಿಂದ ನೀಟಾಗಿ ಕೊಯ್ದು, ಎಲ್ಲವನ್ನೂ ಜೋಡಿಸಿ, ಅಂಗಡಿಯ ತಾಮ್ರದ ತಂತಿಯಿಂದ ಬಿಗಿಯುತ್ತಿದ್ದರು. ಮನೆ ಬಿಡುವ ದಿನ ಆ ಕಟ್ಟನ್ನು ಒರೆಸಿಟ್ಟವಳು ನಾನೇ. ಈಗ ಅದರ ಮೇಲ್ಗಡೆ ಇನ್ನೊಂದು ಲಕೋಟೆ ಇತ್ತು. ಅವರದೇ ಅಕ್ಷರ, ಮೂಲೆಯಲ್ಲಿ ಅರಿಶಿನ. ಎಡ ಅಂಚು ಕೊಯ್ದಿತ್ತು. ತಂತಿ ಅದನ್ನೂ ಸೇರಿಸಿ ಸುತ್ತಿತ್ತು. ಅಂಚೆಯ ಮುದ್ರೆ ನೋಡಿದೆ. ಅವರು ಹೋಗಿ ಒಂದು ತಿಂಗಳಾದ ಮೇಲಿನದು. ಒಳಗೆ ಏನೂ ಇರಲಿಲ್ಲ.

ಅತ್ತೆಗೆ ತೋರಿಸಿದೆ. ಅವರು ಸಂಚಿ ಮುಟ್ಟಿ ನೋಡಿಕೊಂಡರು.

ಮಾರನೆಯ ದಿನ ಅಂಚೆ ಹಂಚಲು ಬಂದವಳು ಜವನಗೊಂಡನಹಳ್ಳಿಯ ಒಬ್ಬ ಹೆಣ್ಣುಮಗಳು. ಹಳೆಯ ಪೋಸ್ಟ್‌ಮನ್ ವರ್ಗವಾಗಿ ಹೋಗಿದ್ದರು, ಹೋಗುವಾಗ ಇವಳಿಗೆ ನಮ್ಮ ವಿಷಯ ಹೇಳಿರಲಿಲ್ಲ. ಅರಿಶಿನ ಹಚ್ಚಿದ ಲಕೋಟೆ ನೆನಪಿದೆಯಾ ಎಂದು ಕೇಳಿದೆ.

"ಐತೆ ಆಂಟಿ. ಮಧ್ಯಾಹ್ನ ಅಂಕಲ್ ಇಸ್ಕಂಡ್ರಲ್ಲ. ಬಾಗ್ಲಾಗೇ ನಿಂತಿದ್ರು."

"ಬಾಗ್ಲಿಗೆ ಮುಳ್ಳು ಹಾಕಿತ್ತಲ್ಲಮ್ಮ?"

"ಮುಳ್ಳಾ? ನಾನೇನೂ ನೋಡ್ಲಿಲ್ಲ ಆಂಟಿ. 'ಅಂತೂ ಗೋಲ್‌ಕೀಪರ್ ಬಂದ' ಅಂತ ನಕ್ಕರು. ಯಾರೋ ನೆಂಟರು ಬರೋರಿದ್ರೇನೋ ಅನ್ಕಂಡೆ."

ಅವಳಿಗೆ ನಾನು ಏನೂ ಹೇಳಲಿಲ್ಲ. ದಿನಾ ಈ ಬೀದಿಯಲ್ಲಿ ಓಡಾಡಬೇಕಾದವಳು. ಮನೆ ತಪ್ಪಿ ಬೇರೆ ಯಾರಿಗೋ ಕೊಟ್ಟಿರಬಹುದು ಎಂದುಕೊಂಡೆ. ಹಾಗಾದರೆ ಗೋಲ್‌ಕೀಪರ್ ಎಂಬ ಮಾತು ಎಲ್ಲಿಂದ ಬಂತು, ಲಕೋಟೆ ಬೀಗದೊಳಗೆ ಹೇಗೆ ಬಂತು? ಎಷ್ಟು ಯೋಚಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಸ್ವಲ್ಪ ದಿನಕ್ಕೆ ಯಜಮಾನರ ಫೋನು ಬಡಿದುಕೊಂಡಿತು. ಆ ಗೋಲ್‌ಕೀಪರೇ ಮಾತಾಡಿದರು. ವಯಸ್ಸಾದ ದನಿ, ಬೆಂಗಳೂರಿನ ಕಡೆಯ ಕನ್ನಡ. ಯಜಮಾನರು ಬರೆದ ಕಾಗದದಲ್ಲಿ ನಂಬರಿತ್ತಂತೆ.

"ಕೈ ನಡುಗ್ತದಮ್ಮ, ಅದಕ್ಕೇ ಮೊದಲು ಕಳಿಸಿರಲಿಲ್ಲ. ಈ ಸಲ ಬೇರೆ ಕಾಗದದ ಮೇಲೆ ಬರೆದು ಬರೆದು ರೂಢಿ ಮಾಡ್ಕೊಂಡು ಆಮೇಲೆ ಸೈನ್ ಹಾಕ್ದೆ. ಇನ್ನೊಂದು ಕಾರ್ಡು ಇಲ್ಲೇ ಕನ್ನಡಿ ಪಕ್ಕ ಇಟ್ಕೊಂಡಿದೀನಿ. ನಿಮ್ಮ ಯಜಮಾನರಿಗೆ ತಲುಪ್ತಾ?"

ಅವರು ತೀರಿಕೊಂಡ ಸಂಗತಿ ಹೇಳಬೇಕೆಂದೇ ಬಾಯಿ ತೆಗೆದೆ. ಬಂದ ಮಾತು ಬೇರೆ.

"ತಲುಪಿತು ಸಾರ್. ಬಾಳ ಖುಷಿ ಪಟ್ರು."

ಹೇಳಿದ ಮೇಲೆ ಅದು ಸುಳ್ಳು ಅನ್ನಿಸಲಿಲ್ಲ. ಎಷ್ಟೋ ದಿನಗಳ ನಂತರ ಅಂದು ಹೊಟ್ಟೆತುಂಬ ಉಂಡೆ. ಆ ಇನ್ನೊಂದು ಕಾರ್ಡಿಗೆ ಸಹಿ ಮಾಡಿ ಕಳಿಸಿ ಎಂದು ಕೇಳಬಹುದಿತ್ತು. ಕೇಳಲಿಲ್ಲ, ಮುಂದೆಯೂ ಕೇಳುವುದಿಲ್ಲ.

ಇದಾಗಿ ಕೆಲವು ವರ್ಷಗಳಾದವು. ಮನೆಯ ಗೂಡು, ಅಟ್ಟ, ಅಂಗಡಿಯ ಪೆಟ್ಟಿಗೆ, ಅವರ ಅಂಗಿಯ ಜೇಬುಗಳು, ಎಲ್ಲ ಕಡೆಯೂ ಆ ಸಹಿಯ ಕಾರ್ಡನ್ನು ಹುಡುಕಿದ್ದೇನೆ. ಭಾನುವಾರ ಕೆಲಸ ಮುಗಿದ ಮೇಲೆ ಆಲ್ಬಮ್ಮು ತೆಗೆದು ಕೂರುತ್ತೇನೆ. ಕೊನೆಯ ಪುಟದಲ್ಲಿ ಕಾರ್ಡು ಸಿಕ್ಕಿಸಲು ಅವರು ಅಂಟಿಸಿದ ನಾಲ್ಕು ಮೂಲೆಗಳು ಹಾಗೇ ಇವೆ. ಹತ್ತು ಜನ ಇದ್ದಾರೆ. ಗೋಲ್‌ಕೀಪರ್ ಇಲ್ಲ.