ಧೂಳು ಎಂದೆ

ಕೊಳ್ಳೇಗಾಲದಲ್ಲಿ ನಾನು ಪತ್ರಿಕೆಯೊಂದರ ವರದಿಗಾರ. ಕಂಪ್ಯೂಟರ್ ರಿಪೇರಿ ನನ್ನ ಕಸುಬಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್ ತೆವಳತೊಡಗಿದಾಗ ಅದಕ್ಕೆ ಲಿನಕ್ಸ್ ಹಾಕಿಕೊಂಡೆ. ಪುಕ್ಕಟೆ ಸಿಗುವ, ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಬಹುದಾದ ವ್ಯವಸ್ಥೆ ಎಂಬುದು ನನಗೆ ಹಿಡಿಸಿತ್ತು. ಕೆಟ್ಟಾಗ ಕೇಳಲು ಸುತ್ತಮುತ್ತ ಯಾರೂ ಇರಲಿಲ್ಲವಾದ್ದರಿಂದ ನಾನೇ ಸರಿಮಾಡಿಕೊಳ್ಳಲು ಕಲಿತೆ. ಹಾಗಾಗಿ ಬೇರೆಯವರೂ ಕರೆಯತೊಡಗಿದರು. ಯಳಂದೂರಿನ ವಕೀಲರೊಬ್ಬರ ಯಂತ್ರ ಪಾಸ್‌ವರ್ಡ್ ಒಪ್ಪಿಕೊಂಡು ಮತ್ತೆ ಪಾಸ್‌ವರ್ಡನ್ನೇ ಕೇಳುತ್ತಿತ್ತು. ಡಿಸ್ಕ್ ತುಂಬಿಹೋಗಿತ್ತು, ಅಷ್ಟೆ. ಹನೂರಿನ ಫೋಟೊ ಅಂಗಡಿಯಲ್ಲಿ ಪ್ರಿಂಟರ್ ಸತ್ತಿದೆ ಎಂದರು. ಯಾರೋ ಅದಕ್ಕೆ ಹೋಗುವ ಕೆಲಸಗಳನ್ನು ತಡೆಹಿಡಿದು ಮರೆತಿದ್ದರು.

ನನ್ನ ವಿಧಾನ ವರದಿಗಾರಿಕೆಯದೇ. ಕೊನೆಗೆ ಏನಾಯಿತು, ಕಂಡವರು ಯಾರು, ಕಂಡದ್ದೋ ಕೇಳಿದ್ದೋ ಎಂದು ವಿಚಾರಿಸುತ್ತೇನೆ. ತಂತಿಗಳನ್ನು ಮೊದಲು ನೋಡುತ್ತೇನೆ, ತಂತ್ರಾಂಶವನ್ನು ಆಮೇಲೆ. ಆ ದಿನ ವಿಚಾರಿಸುವುದನ್ನೂ ಬಿಟ್ಟೆ, ತಂತಿ ನೋಡುವುದನ್ನೂ ಬಿಟ್ಟೆ.

ದಸರಾ ರಜೆ ಮುಗಿದ ವಾರ. ಅಜ್ಜೀಪುರದ ಆಚೆಗಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಿಂದ ಅಲ್ಲಿನ ಅತಿಥಿ ಶಿಕ್ಷಕಿ ಫೋನ್ ಮಾಡಿದಳು. ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿಸಿ, ಒಂದು ಕೋಣೆಯನ್ನು ಲ್ಯಾಬ್ ಮಾಡಿದ್ದವಳು ಆಕೆಯೇ. ಪಾಠಗಳೆಲ್ಲ ಮೂಲೆಯ ಒಂದು ಯಂತ್ರದಲ್ಲಿದ್ದವು. ಉಳಿದವು ತಂತಿಯ ಮೂಲಕ ಅಲ್ಲಿಂದಲೇ ಪಾಠ ತೆರೆಯಬೇಕು. ಈಗ ಪಾಠ ತೆರೆಯುತ್ತಿಲ್ಲ. "ಸಂಜೆಗೆ ಕೊಳ್ಳೇಗಾಲದ ಅಂಗಡಿಯವರು ಬಂದು ಎಲ್ಲಾ ಅಳಿಸಿ ಬೇರೆ ಹಾಕ್ತಾರಂತೆ ಸರ್. ಲ್ಯಾಬ್ ನನ್ನ ಕೈಯಲ್ಲಿ ಬಿಡಲ್ಲ ಅಂತ ಕಮಿಟಿಯವ್ರು ಹೇಳಿದಾರೆ."

ಹನೂರು ದಾಟಿ ಹೋಗಿ ತಲುಪಿದಾಗ ಕೋಣೆಯಲ್ಲಿ ಮೂವರಿದ್ದರು: ಆಕೆ, ಮುಖ್ಯ ಶಿಕ್ಷಕರು ಮತ್ತು ಶಾಲಾ ಸಮಿತಿಯ ಅಧ್ಯಕ್ಷರು. ಅಧ್ಯಕ್ಷರು ಹಣೆಯ ತುಂಬ ವಿಭೂತಿ ಬಳಿದುಕೊಂಡ ಹಿರಿಯರು. ಅರಿಶಿನ ಬೆಳೆಯುತ್ತಾರೆ, ಊರಿನ ಹಿಟ್ಟಿನ ಗಿರಣಿಯೂ ಅವರದೇ. ಅವರ ಮಾತಿಗೆ ಎದುರು ಮಾತಾಡುವವರು ಆ ಊರಿನಲ್ಲಿ ಕಡಿಮೆ ಎಂದು ನಾನು ಕೇಳಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ಶಿಕ್ಷಕಿ ಹೇಳಿದಳು: "ನನ್ನದೇ ತಪ್ಪು ಸರ್. ರಜೆಗೆ ಮುಂಚೆ ಎಲ್ಲದಕ್ಕೂ ಅಪ್‌ಡೇಟ್ ಹಾಕಿದೆ. ಅದಕ್ಕೇ ಹೀಗಾಯ್ತು."

ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂಬ ಪೊಲೀಸ್ ಪ್ರಕಟಣೆಗಳನ್ನು ನಾನು ವರ್ಷಗಟ್ಟಲೆ ಅನುಮಾನದಿಂದಲೇ ಓದಿದವನು. ಇವಳ ಮಾತನ್ನು ಮಾತ್ರ ಹಾಗೇ ನಂಬಿದೆ. ಅಪ್‌ಡೇಟ್ ಆದ ಮೇಲೂ ಲಿನಕ್ಸ್ ತನ್ನ ಹಿಂದಿನ ರೂಪವನ್ನು ಉಳಿಸಿಕೊಂಡಿರುತ್ತದೆ. ಆ ಹಳೆಯ ರೂಪದಿಂದ ಒಂದು ಯಂತ್ರವನ್ನು ಎಬ್ಬಿಸಿದೆ. ಪ್ರಯೋಜನವಾಗಲಿಲ್ಲ. ಕಪ್ಪು ಪರದೆ ತೆರೆದು ಆದೇಶಗಳನ್ನು ಕೊಡುತ್ತ ಕುಳಿತೆ. 'ನೋ ಕ್ಯಾರಿಯರ್' ಎಂದು ಅದು ಮತ್ತೆ ಮತ್ತೆ ಹೇಳಿತು.

"ಕ್ಯಾರಿಯರ್ ಅಂದ್ರೆ ನನಗೆ ಊಟದ ಡಬ್ಬಿ ಒಂದೇ ಗೊತ್ತು" ಎಂದರು ಮುಖ್ಯ ಶಿಕ್ಷಕರು.

"ಪುಕ್ಸಟ್ಟೆ ಬಂದದ್ದು ಇಂಗೇ ಸಾ" ಎಂದರು ಅಧ್ಯಕ್ಷರು. "ನಾನ್ ಆವತ್ತೇ ಏಳ್ದೆ ಈವಮ್ಮಂಗೆ. ದುಡ್ಡು ಕೊಟ್ರೆ ಬಯ್ಯಕ್ಕಾದ್ರೂ ಒಬ್ಬ ಇರ್ತಾನೆ."

ಶಿಕ್ಷಕಿ ತಲೆ ತಗ್ಗಿಸಿದಳು. ನಾನು ನಗಬಾರದಿತ್ತು, ನಕ್ಕೆ.

ತಂತಿಯ ಆ ತುದಿಯಿಂದ ಸುಳಿವೇ ಬರುತ್ತಿಲ್ಲ ಎಂಬುದು ಆ ಸಂದೇಶದ ಅರ್ಥ. ಯಂತ್ರ ನೇರವಾಗಿಯೇ ಹೇಳುತ್ತಿತ್ತು. ನಾನು ಮಾತ್ರ ಅಪ್‌ಡೇಟನ್ನೇ ಹಿಡಿದುಕೊಂಡು ಅರ್ಧ ದಿನ ಕಳೆದೆ. ಕೊನೆಗೆ ಕಿಟಕಿಯ ಪಕ್ಕದ ಒಂದು ಯಂತ್ರದಲ್ಲಿ ಪಾಠ ಸರಾಗವಾಗಿ ತೆರೆದುಕೊಂಡದ್ದು ಕಂಡಿತು. ಅದಕ್ಕೂ ಅದೇ ಅಪ್‌ಡೇಟ್ ಆಗಿತ್ತು.

"ಇದೊಂದು ಯಾಕೆ ನಡೀತಿದೆ?" ಎಂದೆ.

"ಇದರದೂ ಪಾಠ ಇರೋ ಮೂಲೆಯದರದೂ ಮೇಜು ಗೋಡೆಗೆ ಹೊಡೆದಿದೆ ಸರ್, ಈಚೆಗೆ ಎಳೆಯೋಕಾಗಲ್ಲ. ಪೂಜೆಗೆ ಕೋಣೆ ತೊಳೆದಾಗ ಮಿಕ್ಕಿದ್ದನ್ನೆಲ್ಲ ತಂತಿ ಬಿಚ್ಚಿ ಹೊರಗಿಟ್ಟಿದ್ವಿ. ಆಮೇಲೆ ನಾನೇ ಜೋಡಿಸಿದೆ."

ಒಂದು ಯಂತ್ರವನ್ನು ತಿರುಗಿಸಿ ಹಿಂಬದಿಯ ತಂತಿ ಕಿತ್ತೆ. ಶಿಕ್ಷಕಿ ಬಗ್ಗಿ ಮೊಬೈಲಿನ ಬೆಳಕು ಹಿಡಿದಳು. ತಂತಿ ಕೂರುವ ಚೌಕದ ಒಳಗೆ ತಿಳಿಹಳದಿ ಬಣ್ಣದ ಏನೋ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಮೇಲೆ ಕುಂಕುಮದ ಕೆಂಪು. ಹತ್ತಿರ ಹೋದರೆ ವಾಸನೆಯೂ ಇತ್ತು. ಗಂಧ. ಆಯುಧಪೂಜೆಯ ದಿನ ಯಾರೋ ಶ್ರದ್ಧೆಯಿಂದ ಒಂದೊಂದು ತೂತಿಗೂ ಬೊಟ್ಟು ಇಟ್ಟಿದ್ದರು. ಅದರ ಮೇಲೆ ತಂತಿ ತುರುಕಿದಾಗ ಒಳಗಿನ ಹಿತ್ತಾಳೆ ಬಣ್ಣದ ಎಳೆಗಳಿಗೆ ಮೆತ್ತಿಕೊಂಡು ಒಣಗಿತ್ತು.

ಶಾಲೆಯಲ್ಲಿ ಪೂಜೆ ಯಾರ ಕೈಯಿಂದ ಆಗುತ್ತದೆಂದು ಕೇಳಬೇಕಾಗಿರಲಿಲ್ಲ; ವಿಭೂತಿ ಬಳಿದ ಹಣೆ ಎದುರಿಗೇ ಇತ್ತು. ಶಿಕ್ಷಕಿ ನನ್ನ ಮುಖ ನೋಡಿದಳು. ಅವಳೂ ಕಂಡಿದ್ದಳು. ಅವಳು ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅತಿಥಿ ಶಿಕ್ಷಕಿ, ವರ್ಷ ವರ್ಷವೂ ಕಮಿಟಿಯವರು ಬೇಕೆಂದರೆ ಉಂಟು, ಬೇಡವೆಂದರೆ ಇಲ್ಲ. ನಾನು ಹೇಳಬಹುದಿತ್ತು. ಹೊರಗಿನವನು, ಪತ್ರಿಕೆಯವನು.

"ಏನ್ ಸಾ, ಸಿಕ್ತಾ ರೋಗ?" ಎಂದರು ಅಧ್ಯಕ್ಷರು.

"ಧೂಳು" ಎಂದೆ. "ಧೂಳು ಕೂತಿದೆ, ಕ್ಲೀನ್ ಮಾಡಿದ್ರೆ ಸರಿಹೋಗುತ್ತೆ."

ಹಿರಿಯರೊಬ್ಬರನ್ನು ನಾಲ್ಕು ಜನರೆದುರು ತಗ್ಗಿಸುವುದೇಕೆ ಎಂದು ಆ ಕ್ಷಣ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸೌಜನ್ಯದ ಹಾಗೇ ತೋರಿತು.

ಮುಖ್ಯ ಶಿಕ್ಷಕರು ಶಿಕ್ಷಕಿಯ ಕಡೆ ತಿರುಗಿದರು. "ಧೂಳಾ? ಕೋಣೆ ನೋಡ್ಕೊಳ್ಳೋರು ಯಾರಮ್ಮ? ಗುಡಿಸೋಕೂ ಬಿಡುವಿಲ್ವಾ ನಿಮಗೆ? ಇದಕ್ಕೇ ಕಮಿಟಿಯವ್ರು ಹೇಳೋದು."

ಅವಳ ಬೆಳಕು ಹಿಡಿದ ಕೈ ಸ್ವಲ್ಪ ಇಳಿಯಿತು. ತಿದ್ದಿಕೊಳ್ಳಲು ನನಗೆ ಸಮಯ ಇತ್ತು. ತಂತಿಯ ತುದಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಂತೆ.

ಅಧ್ಯಕ್ಷರು ಎದ್ದು ಬಂದು, ಕನ್ನಡಕ ಮೇಲೇರಿಸಿ ಬಗ್ಗಿದರು. ಕಿರುಬೆರಳಿನ ಉಗುರಿನಿಂದ ಚೌಕದ ಅಂಚನ್ನು ಕೆರೆದು ಮೂಸಿದರು.

"ಇದ್ ಧೂಳಲ್ಲ ಕಣ್ರೀ ಮೇಷ್ಟ್ರೇ. ಗಂಧ. ನಾನೇ ಇಟ್ಟಿದ್ದು."

ಉಗುರನ್ನು ಪಂಚೆಗೆ ಒರೆಸಿಕೊಂಡು ಮುಂದುವರಿಸಿದರು.

"ನಮ್ ಗಿರಣಿಗೆ ವರ್ಸ ವರ್ಸ ಬಾಯಿಗೇ ಇಡದು. ಮೋಟ್ರಿಗೂ ನೀರ್ ಬೀಳೋ ಬಾಯಿಗೇ. ಇದ್ಕೂ ಇಷ್ಟೊಂದ್ ಬಾಯಿ ಅವಲ್ಲ, ಒಂದನ್ನೂ ಬಿಡಬಾರ್ದು ಅಂತ ಕೂತ್ಕಂಡು ಇಟ್ಟೆ. ನಡು ಇಡ್ಕತು ಆವತ್ತು." ಅವರು ನಕ್ಕರು. ನಿಜವಾಗಿ ನಕ್ಕರು. "ಬಾಯಿಗೆ ಗಂಧ ತುರುಕುದ್ರೆ ಮನ್ಸನೇ ಮಾತಾಡಾಕಿಲ್ಲ, ಇದೇನ್ ಮಾತಾಡದು? ಗುಡಿಸ್ಲಿಲ್ಲ ಅಂತ ಈವಮ್ಮಂಗ್ ಯಾಕ್ ಬಯ್ತೀರಿ? ಕೆಡ್ಸಿದ್ದು ನಾನು."

ಮುಖ್ಯ ಶಿಕ್ಷಕರು ಕಿಟಕಿಯ ಆಚೆ ನೋಡತೊಡಗಿದರು. ಅಧ್ಯಕ್ಷರು ಅಲ್ಲೇ ನಿಂತು ಕೊಳ್ಳೇಗಾಲಕ್ಕೆ ಫೋನ್ ಹಚ್ಚಿದರು. "ಬರಬ್ಯಾಡ ಕಣ್ಲಾ. ಯಾವ್ದೂ ಅಳ್ಸಂಗಿಲ್ಲ. ಎಲ್ಲಾ ನೆಟ್ಗದ." ಮತ್ತೆ ಶಿಕ್ಷಕಿಗೆ: "ನೀನೇ ನಡ್ಸಮ್ಮ ಇದ್ನ. ಮುಂದಿನ್ ವರ್ಸ ಎಲ್ಲಿಗ್ ಇಡ್ಬೇಕು ಅಂತ ತೋರ್ಸು, ಅಲ್ಲೇ ಇಡ್ತೀನಿ."

ಆಮೇಲೆ ನನ್ನ ಕಡೆ ತಿರುಗಿದರು. ದನಿ ತಗ್ಗಿತ್ತು. ಕೋಪ ಇರಲಿಲ್ಲ. "ನೀವ್ ಮೊದ್ಲೇ ಕಂಡ್ರಿ ಸಾ. ಗಂಧದ ವಾಸ್ನೆ ಗೊತ್ತಾಗ್ದೇ ಇರೋ ಅಂತೋರೇನಲ್ಲ ನೀವು. ಇದ್ನ ತಡ್ಕಳಕ್ ಆಗ್ದೇ ಇರೋವಷ್ಟು ಸಣ್ಣವ್ನು ಅನ್ಕಂಡ್ರಾ ನನ್ನ?"

ಉತ್ತರಕ್ಕೆ ನಿಲ್ಲದೆ, ಗಿರಣಿಗೆ ಜನ ಕಾಯುತ್ತಿದ್ದಾರೆ ಎಂದು ಹೊರಟುಹೋದರು. ಅವರ ಹಿಂದೆಯೇ ಮುಖ್ಯ ಶಿಕ್ಷಕರೂ.

ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ ನಾವಿಬ್ಬರೂ ಒಂದೊಂದೇ ಚೌಕವನ್ನು ಉಜ್ಜಿದೆವು. ಮೊದಲ ಯಂತ್ರದ ಹಿಂದೆ ಹಸಿರು ದೀಪ ಮಿನುಗಿದಾಗ ಅವಳು ಓಡಿ ಮುಂದಕ್ಕೆ ಹೋಗಿ ಪಾಠ ತೆರೆದಳು. ಎಲೆಯೊಳಗೆ ಆಹಾರ ತಯಾರಾಗುವ ಚಿತ್ರ. ಅವಳೇ ಬಿಡಿಸಿ, ಕನ್ನಡದಲ್ಲಿ ವಿವರ ಬರೆದದ್ದು. ಅದನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ಬಂದು ಬ್ರಷ್ ಹಿಡಿದಳು. ನಾನು ಕ್ಷಮೆ ಕೇಳಲು ಹೊರಟೆ. ಅವಳು ಅದಕ್ಕೆ ಎಡೆ ಕೊಡಲಿಲ್ಲ. ಉಜ್ಜುತ್ತಲೇ ಕೇಳಿದಳು:

"ಪೇಪರಿಗೆ ಬರೆಯುವಾಗಲೂ ಹೀಗೇನಾ ಸರ್?"

ಚುಚ್ಚಲು ಕೇಳಿದ್ದಲ್ಲ. ಕೆಲಸದ ಬಗ್ಗೆ ತಿಳಿದುಕೊಳ್ಳುವ ಹಾಗೆ ಕೇಳಿದಳು. ನನ್ನ ಮನಸ್ಸಿಗೆ ಒಂದೆರಡು ಸುದ್ದಿಗಳು ಬಂದವು. ಯಾರದೋ ಮರ್ಯಾದೆ ಕಾಯಲೆಂದು ಅವುಗಳಲ್ಲಿ ಒಂದು ಸಾಲು ಕೈಬಿಟ್ಟಿದ್ದೆ. ಆ ಸಾಲಿನ ಭಾರ ಬೇರೆ ಯಾರ ತಲೆಯ ಮೇಲೆ ಬಿತ್ತು ಎಂದು ನಾನು ವಿಚಾರಿಸಿಯೇ ಇರಲಿಲ್ಲ.

"ಇಲ್ಲಮ್ಮ" ಎಂದೆ.

ಅವಳು ತಲೆಯಾಡಿಸಿದಳು. ನನ್ನ ಮಾತನ್ನು ನಂಬಿ ಮುಂದಿನ ಯಂತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.